ಅಮ್ಮನಿಗೆ ಫೋನ್ ಕಲಿಸೋದು ಎಲ್ಲಿಂದ ಶುರು ಮಾಡಲಿ? ಮೂರು ಸಲ ಕೂತೆವು, ಮೂರು ಸಲವೂ ಜಗಳ

ತೀರ್ಥಹಳ್ಳಿ_ಮಗಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ.

ಅಪ್ಪ ಹೋಗಿ ಹತ್ತು ತಿಂಗಳಾಯಿತು. ಅಮ್ಮನಿಗೆ 67. ತೀರ್ಥಹಳ್ಳಿ ಪೇಟೆಯಿಂದ ಒಳಗೆ ಹನ್ನೆರಡು ಕಿಲೋಮೀಟರ್, ತೋಟದ ಮನೆ. ಒಬ್ಬಳೇ ಇದ್ದಾಳೆ. ಬೆಂಗಳೂರಿಗೆ ಬರಲ್ಲ ಅಂತಾಳೆ, ನಾನೂ ಒತ್ತಾಯ ಮಾಡುತ್ತಿಲ್ಲ. ಬ್ಯಾಂಕು, ಗ್ಯಾಸು, ಕರೆಂಟ್ ಬಿಲ್ಲು, ಸೊಸೈಟಿ ಲೆಕ್ಕ ಎಲ್ಲ ಅಪ್ಪನೇ ನೋಡಿಕೊಳ್ಳುತ್ತಿದ್ದರು. ಮನೆಯೊಳಗಿನ ಲೆಕ್ಕ ಬಿಟ್ಟರೆ ಹೊರಗಿನದಕ್ಕೆ ಅಮ್ಮ ಕೈ ಹಾಕಿದವಳೇ ಅಲ್ಲ.

ಗೌರಿ ಹಬ್ಬಕ್ಕೆ ಹೋದಾಗ ಹೊಸ ಫೋನ್ ತಗೊಂಡು ಹೋದೆ. ವಿಡಿಯೋ ಕಾಲ್ ಬಂದರೆ ಎತ್ತುತ್ತಾಳೆ, ಅಷ್ಟೇ. ಅದಕ್ಕಿಂತ ಮುಂದೆ ಹೋಗಬೇಕು ಅಂತ ಮೂರು ಸಲ ಕೂತೆವು. ಅಡಿಕೆ ಸುಲಿದು ಸುಲಿದು ಅವಳ ಬೆರಳ ತುದಿ ಗಟ್ಟಿಯಾಗಿದೆ, ಚೊಗರು ಕಪ್ಪಗೆ ಕೂತುಬಿಟ್ಟಿದೆ. ಬೆರಳಚ್ಚು ಫೋನ್ ಓದುವುದೇ ಇಲ್ಲ. ಮೆತ್ತಗೆ ಮುಟ್ಟು ಅಂದರೆ ಮುಟ್ಟಿದ್ದೇ ಗೊತ್ತಾಗಲ್ಲ ಅಂತ ಗಟ್ಟಿಯಾಗಿ ಒತ್ತಿ ಹಿಡಿಯುತ್ತಾಳೆ. ಒತ್ತಿ ಹಿಡಿದರೆ ಇನ್ನೇನೋ ತೆರೆದುಕೊಳ್ಳುತ್ತದೆ. ಆಗ ನಾನು "ಅಯ್ಯೋ ಕೊಡು ಇಲ್ಲಿ" ಅಂತ ಕಿತ್ತುಕೊಳ್ಳುತ್ತೇನೆ. ಅಲ್ಲಿಗೆ ಪಾಠ ಮುಗಿಯಿತು. ಅವಳು ಎದ್ದು ಒಳಗೆ ಹೋಗುತ್ತಾಳೆ.

ಅಪ್ಪನ ಹಳೇ ಡೈರಿಯಲ್ಲಿ ಬರೆದುಕೊಂಡಿದ್ದಾಳೆ. "1. ಹಸಿರು ಚೌಕ. 2. ಬಲಗಡೆ ಮೂರು ಚುಕ್ಕಿ. 3. ಎರಡನೇ ಸಾಲು." ಎರಡು ವಾರ ಬಿಟ್ಟು ಆಪ್ ಅಪ್‌ಡೇಟ್ ಆಗಿ ಎಲ್ಲ ಜಾಗ ಬದಲಾಯಿತು. ಫೋನ್ ಮಾಡಿ "ನಾನೇನು ತಪ್ಪು ಮಾಡಿದೆ" ಅಂತ ಕೇಳಿದಳು. ಕರುಳು ಚುರುಕ್ ಅಂದಿತು.

ಯುಪಿಐ ಕಲಿಸಲಾ? ಅಥವಾ ಎಲ್ಲ ನಾನೇ ಇಲ್ಲಿಂದ ಮಾಡಿಬಿಡಲಾ? ನಿಮ್ಮ ಮನೆಗಳಲ್ಲಿ ಏನು ಮಾಡಿದಿರಿ?

ಬನಶಂಕರಿ_3ನೇ_ಹಂತ

ಇದರಲ್ಲಿ ಯೋಚನೆ ಮಾಡೋದೇನಿದೆ? ನೀವೇ ಮಾಡಿ. ಬಿಲ್ ಕಟ್ಟೋಕೆ ಮೂರು ನಿಮಿಷ. ಈ ವಯಸ್ಸಲ್ಲಿ ಅವರಿಗೆ ಯಾಕೆ ತಲೆನೋವು.

ಹಾಸನದ_ಸೊಸೆ

@ಬನಶಂಕರಿ_3ನೇ_ಹಂತ ಮೂರು ನಿಮಿಷದ ಮಾತಲ್ಲ ಇದು. ನಮ್ಮ ಅತ್ತೆಗೆ ನಾವು ಆರು ವರ್ಷ ಹಾಗೇ ಮಾಡಿದೆವು. ಖಾತೆಯಲ್ಲಿ ಎಷ್ಟಿದೆ ಅನ್ನೋದಕ್ಕೂ ಮಗನನ್ನೇ ಕೇಳಬೇಕು. ತವರಿನಲ್ಲಿ ಮದುವೆ ಇತ್ತು, ಮುಯ್ಯಿ ಹಾಕೋಕೆ ಎರಡು ಸಾವಿರ ಬೇಕು ಅಂತ ಕೇಳಲು ಅವರು ಬಾಗಿಲ ಹತ್ತಿರ ಬಂದು ನಿಂತಿದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಅವರದೇ ಪೆನ್ಷನ್ ದುಡ್ಡು ಅದು. ಅವತ್ತೇ ಕಲಿಸೋಕೆ ಶುರು ಮಾಡಿದೆ.

ಬನಶಂಕರಿ_3ನೇ_ಹಂತ

ಕೇಳಿದ ತಕ್ಷಣ ಕೊಟ್ಟರೆ ಆಯ್ತಲ್ವಾ?

ಹಾಸನದ_ಸೊಸೆ

ಕೇಳಬೇಕಾಗಿ ಬಂತಲ್ಲ, ಅದೇ ವಿಷಯ.

ನಿವೃತ್ತ_ಮೇಷ್ಟ್ರು

ನನಗೆ 72. ಹೈಸ್ಕೂಲಿನಲ್ಲಿ 34 ವರ್ಷ ಗಣಿತ ಹೇಳಿದವನು. ಮಗಳೇ, ಮೊದಲು ಕಿತ್ತುಕೊಳ್ಳುವುದನ್ನು ಬಿಡಿ. ಮಕ್ಕಳ ಕೈಯಿಂದ ಸೀಮೆಸುಣ್ಣ ಕಿತ್ತುಕೊಂಡು ಬೋರ್ಡಿನ ಮೇಲೆ ನಾನೇ ಲೆಕ್ಕ ಬಿಡಿಸಿದ್ದರೆ ಒಬ್ಬರೂ ಪಾಸಾಗುತ್ತಿರಲಿಲ್ಲ. ನಿಮ್ಮ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಕೂರಿ. ಬಾಯಿಂದ ಮಾತ್ರ ಹೇಳಿ. ಅವರು ತಪ್ಪು ಜಾಗಕ್ಕೆ ಹೋದರೆ ಹೋಗಲಿ.

ನನ್ನ ಮಗ ನನಗೆ ಮೊದಲು ಕಲಿಸಿದ್ದು ವಾಟ್ಸಾಪ್. ಅದು ತಪ್ಪು ಅಂತ ಈಗ ಅನ್ನಿಸುತ್ತದೆ. ಮೊದಲು ಕಲಿಸಬೇಕಾದದ್ದು ವಾಪಸ್ ಬರುವ ದಾರಿ. ಎಲ್ಲೇ ಸಿಕ್ಕಿಹಾಕಿಕೊಂಡರೂ ಈ ಒಂದು ಗುಂಡಿ ಒತ್ತಿದರೆ ಮನೆಗೆ ಬರುತ್ತೀಯ ಅಂತ ಗೊತ್ತಾದರೆ ಅರ್ಧ ಹೆದರಿಕೆ ಅಲ್ಲೇ ಹೋಗುತ್ತದೆ. ಆಮೇಲೆ ದಿನಕ್ಕೆ ಒಂದೇ ಕೆಲಸ, ಅದನ್ನೇ ಹತ್ತು ಸಲ.

ಒತ್ತಿ ಹಿಡಿಯುವುದಕ್ಕೆ ಒಂದು ಮಾತು. ನನ್ನ ಹೆಂಡತಿಗೂ ಅದೇ ಕಷ್ಟ ಇತ್ತು. "ಒಲೆ ಮೇಲಿನ ಪಾತ್ರೆ ಬಿಸಿಯಾಗಿದೆಯಾ ಅಂತ ಮುಟ್ಟಿ ನೋಡಿ ಕೈ ತೆಗೀತೀಯಲ್ಲ, ಹಾಗೆ ಮುಟ್ಟು" ಅಂದೆ. ಅಲ್ಲಿಂದ ಸರಿಹೋಯಿತು.

ಕೊಪ್ಪದ_ಕೋಡು

ಮೇಷ್ಟ್ರೇ, ಈ ಪಾತ್ರೆ ಮಾತು ನಾನು ಬರೆದಿಟ್ಟುಕೊಂಡೆ.

ಇದಕ್ಕೆ ಫೋನಿನಲ್ಲೇ ಒಂದು ಉಪಾಯವೂ ಇದೆ. ಆಂಡ್ರಾಯ್ಡ್ ಸೆಟ್ಟಿಂಗ್ಸ್ ಒಳಗೆ ಆಕ್ಸೆಸಿಬಿಲಿಟಿ, ಅದರೊಳಗೆ "ಟಚ್ ಅಂಡ್ ಹೋಲ್ಡ್ ಡಿಲೇ". ಅದನ್ನು ಲಾಂಗ್‌ಗೆ ಇಡಿ. ಸ್ವಲ್ಪ ಹೊತ್ತು ಒತ್ತಿ ಹಿಡಿದರೂ ಫೋನ್ ಅದನ್ನು ಮಾಮೂಲಿ ಮುಟ್ಟುವಿಕೆ ಅಂತಲೇ ತಗೊಳ್ಳುತ್ತೆ. ಕಂಪನಿಯಿಂದ ಕಂಪನಿಗೆ ಇದು ಇರುವ ಜಾಗ ಬೇರೆ, ಸೆಟ್ಟಿಂಗ್ಸ್‌ನಲ್ಲಿ ಹುಡುಕಿದರೆ ಸಿಗುತ್ತೆ. ಆಮೇಲೆ ಹೊಸ ಫೋನ್‌ಗಳಲ್ಲಿ ವಾಪಸ್ ಬರೋಕೆ ಅಂಚಿನಿಂದ ಬೆರಳು ಜಾರಿಸಬೇಕು. ಹಿರಿಯರಿಗೆ ಅದು ಕಷ್ಟ. ಅದನ್ನು ತೆಗೆದು ಕೆಳಗೆ ಮೂರು ಗುಂಡಿ ಕಾಣೋ ಹಾಗೆ ಮಾಡಿ. ಮೇಷ್ಟ್ರು ಹೇಳಿದ ಮನೆ ದಾರಿ ಕಣ್ಣಿಗೆ ಕಾಣಬೇಕು.

ಬೆರಳಚ್ಚು ಬಿಟ್ಟುಬಿಡಿ, ಪ್ಯಾಟರ್ನ್ ಹಾಕಿ. ರಂಗೋಲಿ ಚುಕ್ಕಿ ಸೇರಿಸೋ ಹಾಗೇ ಅಲ್ವಾ. ನಮ್ಮಮ್ಮ ಒಂದೇ ಸಲಕ್ಕೆ ಕಲಿತರು.

ಕನ್ನಡ_ಮೊದಲು

ಇಷ್ಟೆಲ್ಲ ಮಾತಾಡಿದಿರಿ, ಮುಖ್ಯವಾದದ್ದೇ ಬಿಟ್ಟಿರಿ. ಫೋನಿನ ಭಾಷೆ ಕನ್ನಡಕ್ಕೆ ಬದಲಾಯಿಸಿ. ದಿನಾ ಪೇಪರ್ ಓದೋ ಅಮ್ಮಂದಿರಿಗೆ ಇಂಗ್ಲಿಷ್ ಫೋನ್ ಕೊಟ್ಟು "ಹಸಿರು ಚೌಕ, ಮೂರು ಚುಕ್ಕಿ" ಅಂತ ಗುರುತು ಹೇಳಿಕೊಡುತ್ತೇವೆ. ಓದು ಬರೋರನ್ನು ನಾವೇ ಓದು ಬಾರದವರನ್ನಾಗಿ ಮಾಡುತ್ತಿದ್ದೇವೆ.

ಕೋಟೆ_ಚಿತ್ರದುರ್ಗ

ನಾನು ಒಪ್ಪಲ್ಲ. ಅಪ್ಪನ ಫೋನ್ ಕನ್ನಡಕ್ಕೆ ಹಾಕಿಕೊಟ್ಟಿದ್ದೆ. ರೀಚಾರ್ಜ್ ಅಂಗಡಿ ಹುಡುಗನಿಗೆ ಏನೂ ಸಿಗಲಿಲ್ಲ, ವಾಪಸ್ ಇಂಗ್ಲಿಷ್ ಮಾಡಿ ಕಳಿಸಿದ. ಫೋನಲ್ಲಿ ಹೇಳಿಕೊಡೋವಾಗ ನನಗೂ ಗೊಂದಲ. ನನ್ನದು ಇಂಗ್ಲಿಷ್, ಅವರದು ಕನ್ನಡ. ನಾನು ಹೇಳೋ ಹೆಸರು ಅಲ್ಲಿ ಇರಲ್ಲ, ಅವರು ಓದೋ ಹೆಸರು ನನಗೆ ಗೊತ್ತಿರಲ್ಲ. ಕೆಲವು ಆಪ್‌ಗಳ ಅನುವಾದ ಅಂತೂ ಕನ್ನಡ ಎಂಎ ಮಾಡಿದವರಿಗೂ ಅರ್ಥ ಆಗಲ್ಲ.

ಕನ್ನಡ_ಮೊದಲು

ಹಾಗಾದರೆ ನೀವು ನಿಮ್ಮ ಫೋನನ್ನೂ ಕನ್ನಡಕ್ಕೆ ಹಾಕಿಕೊಳ್ಳಿ. ನಾನು ಎರಡು ತಿಂಗಳು ಹಾಗೇ ಮಾಡಿದೆ, ಅಮ್ಮನ ಜೊತೆ ಜೊತೆಗೇ ಕಲಿತೆ. ಅಂಗಡಿ ಹುಡುಗನ ಅನುಕೂಲಕ್ಕೆ ಅಪ್ಪ ಯಾಕೆ ಇಂಗ್ಲಿಷ್ ನೋಡಬೇಕು?

ಕೊಪ್ಪದ_ಕೋಡು

ನಡುವಿನ ದಾರಿ ಇದೆ. ಆಂಡ್ರಾಯ್ಡ್ 13ರಿಂದ ಒಂದೊಂದು ಆಪ್‌ಗೆ ಬೇರೆ ಬೇರೆ ಭಾಷೆ ಇಡಬಹುದು, ಆಪ್‌ನಲ್ಲಿ ಆ ಭಾಷೆ ಇದ್ದರೆ. ದುಡ್ಡಿನ ಆಪ್ ಕನ್ನಡದಲ್ಲಿರಲಿ, ಅಲ್ಲಿ ಓದಿ ಅರ್ಥ ಮಾಡಿಕೊಳ್ಳೋದು ಮುಖ್ಯ. ಉಳಿದದ್ದು ಹೇಗಾದರೂ ಇರಲಿ.

ಕುಂದಾಪ್ರದ_ಹೆಣ್ಣು

ಟೈಪಿಂಗ್ ಬಗ್ಗೆ ಯಾರೂ ಹೇಳಲಿಲ್ಲ. ಗೂಗಲ್ ಕೀಬೋರ್ಡಿನಲ್ಲಿ ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿದರೆ ಅದೇ ಬರೆಯುತ್ತದೆ. 2017ರಿಂದಲೇ ಇದೆ, ಆದರೂ ಎಷ್ಟೋ ಮನೆಗಳಲ್ಲಿ ಗೊತ್ತೇ ಇಲ್ಲ. ಒಂದೇ ಕಷ್ಟ, ನಮ್ಮ ಕುಂದಾಪ್ರ ಕನ್ನಡ ಅದಕ್ಕೆ ಅರ್ಥ ಆಗುವುದಿಲ್ಲ. ಅಮ್ಮ "ಎಂತ ಮಾಡ್ತಿದ್ಯಾ, ಊಟ ಆಯ್ತಾ" ಅಂದರೆ ಊಟ ಮಾತ್ರ ಸರಿ ಬರುತ್ತಿತ್ತು. ಈಗ ಅಮ್ಮ ಮೆಸೇಜಿಗೆ ಅಂತಲೇ ಪುಸ್ತಕದ ಕನ್ನಡ ಮಾತಾಡುತ್ತಾರೆ. ನನಗೆ ಅದು ಬೇಜಾರು. ನಮ್ಮ ಭಾಷೆಯಲ್ಲೇ ಮಾತಾಡಿ, ವಾಯ್ಸ್ ಮೆಸೇಜ್ ಕಳಿಸಿ ಅಂದಿದ್ದೇನೆ. ಅವರ ದನಿ ನನ್ನ ಹತ್ತಿರ ಉಳಿಯುತ್ತದೆ.

ಬೆರಳಚ್ಚುಗಾರ್ತಿ_1979

ನನಗೆ 69 ವರ್ಷ. ತಾಲ್ಲೂಕು ಕಚೇರಿಯಲ್ಲಿ ಕನ್ನಡ ಟೈಪಿಸ್ಟ್ ಆಗಿದ್ದೆ. ಇಲ್ಲಿ ಎಲ್ಲರೂ ನಮ್ಮ ಬಗ್ಗೆ ಮಾತಾಡುತ್ತಿದ್ದೀರಿ, ನಮ್ಮ ಕಡೆಯ ಮಾತೂ ಕೇಳಿ.

ನಾನು ಸೇರಿದಾಗ ಕನ್ನಡ ಟೈಪ್‌ರೈಟರ್. ಅನಂತ ಸುಬ್ಬರಾಯರ ಕೀಲಿಮಣೆ. ಒತ್ತಕ್ಷರಕ್ಕೆ ಬೆರಳು ಎಲ್ಲಿಂದ ಎಲ್ಲಿಗೋ ಹೋಗಬೇಕು. ಅದನ್ನು ಕಣ್ಣು ಮುಚ್ಚಿಕೊಂಡು ಹೊಡೆಯುವಷ್ಟು ಕಲಿತೆ. ಇಪ್ಪತ್ತೈದು ವರ್ಷ ಆದಮೇಲೆ ಕಂಪ್ಯೂಟರ್ ತಂದಿಟ್ಟರು, ನುಡಿ ತಂತ್ರಾಂಶ. ಅದರಲ್ಲಿ ಕೆ.ಪಿ. ರಾವ್ ಅವರ ವಿನ್ಯಾಸ, ಅಕ್ಷರಗಳ ಜಾಗ ಪೂರ್ತಿ ಬೇರೆ. ಕಲಿತದ್ದೆಲ್ಲ ಬಿಟ್ಟು ಮತ್ತೆ ಮೊದಲಿನಿಂದ ಕಲಿತೆ. ಯಾರೂ ನನಗೆ "ಈ ವಯಸ್ಸಲ್ಲಿ ಯಾಕೆ" ಅನ್ನಲಿಲ್ಲ, ಯಾಕೆಂದರೆ ಅದು ನೌಕರಿ. ಮನೆಯಲ್ಲಿ ಮಾತ್ರ ನಮಗೆ ಬರಲ್ಲ ಅಂತ ಮೊದಲೇ ತೀರ್ಮಾನ ಮಾಡಿಬಿಡುತ್ತೀರಿ.

ಯಾವ ಗುಂಡಿ ಒತ್ತಬೇಕು ಅಂತ ಮಾತ್ರ ಹೇಳುತ್ತೀರಿ. ಅದು ಏನು ಮಾಡುತ್ತದೆ ಅಂತ ಹೇಳುವುದಿಲ್ಲ. ಒಟಿಪಿ ಅಂದರೆ ಏನು ಅಂತ ನನ್ನ ಮಗ ನಾಲ್ಕು ವರ್ಷ ಹೇಳಲಿಲ್ಲ, ಸುಮ್ನೆ "ಯಾರಿಗೂ ಕೊಡಬೇಡ" ಅಂದ. ನನಗೆ ಅದು ದೇವರ ಕೋಣೆಯ ಮಡಿಯ ಹಾಗೆ ಕಾಣುತ್ತಿತ್ತು. ಮೊಮ್ಮಗಳು ಕೂತು "ಅಜ್ಜಿ, ಬಾಗಿಲು ತಟ್ಟಿದವರು ನೀನೇನಾ ಅಂತ ಬ್ಯಾಂಕು ನಿನ್ನನ್ನೇ ಕೇಳೋದು. ಆ ಉತ್ತರ ಬೇರೆಯವರಿಗೆ ಹೇಳಿದರೆ ಅವರೇ ನೀನು ಅಂತ ಆಗುತ್ತೆ" ಅಂದಳು. ಅರ್ಧ ನಿಮಿಷ. ಅಲ್ಲಿಂದ ಇವತ್ತಿನವರೆಗೆ ನಾನು ಯಾರ ಬಲೆಗೂ ಬಿದ್ದಿಲ್ಲ.

ಡೈರಿಯಲ್ಲಿ ಬರೆದುಕೊಂಡಿದ್ದಾರೆ ಅಂದಿರಲ್ಲ, ನಿಮ್ಮ ತಾಯಿ ಕಲಿಯುತ್ತಾರೆ. ಕಲಿಯಲು ಇಷ್ಟ ಇಲ್ಲದವರು ಬರೆದುಕೊಳ್ಳುವುದಿಲ್ಲ.

ತೀರ್ಥಹಳ್ಳಿ_ಮಗಳು

ಅಮ್ಮಾ, ಕೊನೆಯ ಸಾಲು ಓದಿ ಕಣ್ಣು ತುಂಬಿ ಬಂತು. ಯಾಕೆ ಅಂತ ನಾನು ಒಂದು ಸಲವೂ ಹೇಳಿಲ್ಲ. ನಿಜ.

ಬ್ಯಾಂಕ್_ಕೌಂಟರ್_5

ಯುಪಿಐ ಪ್ರಶ್ನೆಗೆ ಯಾರೂ ಸರಿಯಾಗಿ ಉತ್ತರ ಕೊಡಲಿಲ್ಲ, ನಾನು ಹೇಳುತ್ತೇನೆ. ಬ್ಯಾಂಕಿನಲ್ಲಿ 31 ವರ್ಷ ಕೆಲಸ ಮಾಡಿ ನಿವೃತ್ತಿಯಾದವನು.

ಅಡಿಕೆ ದುಡ್ಡು ಬರುವ ಖಾತೆಗೆ, ಎಫ್‌ಡಿ ಇರುವ ಖಾತೆಗೆ ಯುಪಿಐ ಜೋಡಿಸಲೇಬೇಡಿ. ಬೇರೆ ಒಂದು ಉಳಿತಾಯ ಖಾತೆ ತೆಗೆಸಿ. ಅದರಲ್ಲಿ ನಾಲ್ಕೈದು ಸಾವಿರ ಮಾತ್ರ ಇರಲಿ. ಅದಕ್ಕೆ ಯುಪಿಐ. ಏನೇ ಎಡವಟ್ಟಾದರೂ ಹೋಗುವುದು ಅಷ್ಟೇ. ಜಾತ್ರೆಗೆ ಹೋಗುವಾಗ ಎಲ್ಲ ದುಡ್ಡು ಒಂದೇ ಚೀಲದಲ್ಲಿ ಇಟ್ಟುಕೊಂಡು ಹೋಗುತ್ತೇವಾ?

ಎರಡನೇದು, ಒಂದೇ ಮಾತು ತಲೆಯಲ್ಲಿ ಕೂರಬೇಕು. ಪಿನ್ ಹಾಕುವುದು ದುಡ್ಡು ಕೊಡುವುದಕ್ಕೆ. ದುಡ್ಡು ಬರುವುದಕ್ಕೆ ಪಿನ್ ಬೇಡ, ಸ್ಕ್ಯಾನ್ ಬೇಡ, ಏನೂ ಬೇಡ. "ನಿಮಗೆ ದುಡ್ಡು ಹಾಕುತ್ತೇನೆ, ಪಿನ್ ಹೊಡೆಯಿರಿ" ಅಂದವನು ಕಳ್ಳ. ಇದನ್ನು ಡೈರಿಯ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆಸಿ.

ಸಣ್ಣ ಖರ್ಚಿಗೆ ಯುಪಿಐ ಲೈಟ್ ಒಳ್ಳೆಯದು. ಅದರಲ್ಲಿ ಹೆಚ್ಚೆಂದರೆ 5,000 ಇಡಬಹುದು, ಒಂದು ಸಲಕ್ಕೆ 1,000ದ ತನಕ ಪಿನ್ ಇಲ್ಲದೆ ಹೋಗುತ್ತದೆ.

ಪುಣೆ_ಕನ್ನಡಿಗ

ಅದಕ್ಕಿಂತ ಯುಪಿಐ ಸರ್ಕಲ್ ಮಾಡಿ. 2024ರಲ್ಲಿ ಬಂತು. ಖಾತೆ ಮಗಳದ್ದು, ಅಮ್ಮ ತನ್ನ ಫೋನಿಂದ ಸ್ಕ್ಯಾನ್ ಮಾಡಿದರೆ ಮಗಳ ಖಾತೆಯಿಂದ ಹೋಗುತ್ತೆ. ಅಮ್ಮನ ಖಾತೆ ಯಾವುದಕ್ಕೂ ಜೋಡಿಸೋದೇ ಬೇಡ. ಮಿತಿ ಹಾಕಬಹುದು. ಇಲ್ಲವಾದರೆ ಪ್ರತಿ ಸಲ ನೀವು ಒಪ್ಪಿಗೆ ಕೊಟ್ಟರೆ ಮಾತ್ರ ಹೋಗೋ ಹಾಗೂ ಇಡಬಹುದು.

ಬ್ಯಾಂಕ್_ಕೌಂಟರ್_5

ಹೌದು, ಅದೂ ಇದೆ. ಪೂರ್ತಿ ಬಿಟ್ಟುಕೊಟ್ಟರೆ ತಿಂಗಳಿಗೆ ಹೆಚ್ಚೆಂದರೆ 15,000, ಒಂದು ಸಲಕ್ಕೆ 5,000. ಒಳ್ಳೆಯ ವ್ಯವಸ್ಥೆ.

ಹಾಸನದ_ಸೊಸೆ

ಅಮ್ಮ ಒಂದು ಮೊಳ ಹೂವು ತಗೊಂಡರೆ ಮಗಳ ಫೋನ್ ಟಿಂಗ್ ಅನ್ನುತ್ತೆ. ಆಮೇಲೆ ಒಪ್ಪಿಗೆ ಕೊಡಬೇಕು. ಮತ್ತೆ ಅಲ್ಲಿಗೇ ಬಂತಲ್ಲ, ಕೇಳಿ ತಗೊಳ್ಳೋದು!

ಪುಣೆ_ಕನ್ನಡಿಗ

ಮೇಡಂ, ನನ್ನ ಅಪ್ಪನಿಗೆ ಮರೆವು ಶುರುವಾಗಿದೆ. ಒಂದೇ ಅಂಗಡಿಗೆ ಎರಡು ಸಲ ದುಡ್ಡು ಕೊಟ್ಟು ಬರುತ್ತಾರೆ. ನಮ್ಮ ಮನೆಗೆ ಇದೇ ಸರಿ. ಎಲ್ಲರ ಮನೆ ಒಂದೇ ಥರ ಇರಲ್ಲ.

ಹಾಸನದ_ಸೊಸೆ

ಅದು ಬೇರೆ ಮಾತು ಅಣ್ಣ. ಕ್ಷಮಿಸಿ. ಅಪ್ಪನನ್ನು ಚೆನ್ನಾಗಿ ನೋಡಿಕೊಳ್ಳಿ.

ಸಾಗರದ_ಕಡೆಯವನು

ಎಲ್ಲದಕ್ಕೂ ಆಪ್ ಯಾಕೆ? ನಮ್ಮ ಗ್ಯಾಸ್ ಕಂಪನಿಗೆ ರಿಜಿಸ್ಟರ್ ನಂಬರಿನಿಂದ ಮಿಸ್ಡ್ ಕಾಲ್ ಕೊಟ್ಟರೂ ಬುಕ್ ಆಗುತ್ತೆ. ಪಹಣಿ ಬೇಕಿದ್ದರೆ ಗ್ರಾಮ ಒನ್‌ಗೆ ಹೋದರೆ ಕೊಡುತ್ತಾರೆ. ಗೃಹಜ್ಯೋತಿ ಬಂದಮೇಲೆ 200 ಯೂನಿಟ್ ಒಳಗಿನ ಮನೆಗಳಿಗೆ ಕರೆಂಟ್ ಬಿಲ್ ಚಿಂತೆಯೂ ಕಮ್ಮಿ. ನಮ್ಮ ಕಡೆ ಮಳೆಗಾಲದಲ್ಲಿ ನಾಲ್ಕು ದಿನ ಕರೆಂಟ್ ಹೋದರೆ ಟವರೂ ಹೋಯಿತು. ಎಲ್ಲ ಫೋನಿನ ಮೇಲೆ ಹಾಕಿಬಿಟ್ಟರೆ ಆಗ ಏನು ಮಾಡೋದು? ಕೈಯಲ್ಲಿ ಸ್ವಲ್ಪ ನೋಟು ಇರಲೇಬೇಕು.

ಕೋಟೆ_ಚಿತ್ರದುರ್ಗ

200 ಯೂನಿಟ್ ಅಂದರೆ ಎಲ್ಲರಿಗೂ 200 ಅಲ್ಲ ಸರ್. ಹಿಂದಿನ ಸರಾಸರಿಯ ಮೇಲೆ ಶೇಕಡ 10 ಸೇರಿಸಿ ಲೆಕ್ಕ. ನಮ್ಮ ಮನೆಗೆ 74 ಯೂನಿಟ್ ಬಂತು. ಬೇಸಿಗೆಯಲ್ಲಿ ಬಿಲ್ ಬರುತ್ತೆ.

ಸಾಗರದ_ಕಡೆಯವನು

ಗೊತ್ತು, ಚುಟುಕಾಗಿ ಹೇಳಿದೆ. ಫೋನ್ ಕಲಿಯಬಾರದು ಅಂತಲ್ಲ ನನ್ನ ಮಾತು. ನಮ್ಮಪ್ಪ ಬೆಳೆ ಸಮೀಕ್ಷೆ ಆಪ್‌ನಲ್ಲಿ ತೋಟದಲ್ಲೇ ನಿಂತು ಫೋಟೋ ಹೊಡೆದು ಹಾಕುತ್ತಾರೆ, ನನಗಿಂತ ಚೆನ್ನಾಗಿ. ಜಮೀನು ಅವರದ್ದು, ಬೇರೆಯವರು ತಪ್ಪು ಬೆಳೆ ಬರೆದು ಹೋಗಬಾರದು ಅಂತ ಹಟ ಹಿಡಿದು ಕಲಿತರು. ಬೇಕು ಅನ್ನಿಸಿದ್ದನ್ನು ಯಾರೂ ಹೇಳಿಕೊಡಬೇಕಿಲ್ಲ.

ಮೈಸೂರಿನ_ಮಗ

ಇದನ್ನು ಬರೆಯಬೇಕಾ ಬೇಡವಾ ಅಂತ ಎರಡು ದಿನ ಯೋಚನೆ ಮಾಡಿದೆ. ಬರೆಯುತ್ತೇನೆ.

ನನ್ನ ಅಪ್ಪನಿಗೆ 74. ಇಂಜಿನಿಯರ್ ಆಗಿದ್ದವರು. ಫೋನ್, ನೆಟ್ ಬ್ಯಾಂಕಿಂಗ್ ಎಲ್ಲ ಚೆನ್ನಾಗಿ ಬರುತ್ತಿತ್ತು. ಕಳೆದ ವರ್ಷ ಒಂದು ವಿಡಿಯೋ ಕಾಲ್ ಬಂತು. ಪೊಲೀಸ್ ಡ್ರೆಸ್ ಹಾಕಿದವನು. ನಿಮ್ಮ ಆಧಾರ್ ಮೇಲೆ ಪಾರ್ಸೆಲ್ ಹೋಗಿದೆ, ಡ್ರಗ್ಸ್ ಇದೆ, ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ರೂಮಿನಿಂದ ಹೊರಗೆ ಬರಬೇಡಿ, ಯಾರಿಗೂ ಹೇಳಬೇಡಿ. ಬೆಳಗ್ಗೆ ಹತ್ತರಿಂದ ಸಂಜೆ ಐದರ ತನಕ ಅಪ್ಪ ರೂಮಿನಲ್ಲಿ ಫೋನ್ ಮುಂದೆ ಕೂತಿದ್ದರು. ಅಮ್ಮ ಹೊರಗಡೆಯಿಂದ ಎರಡು ಸಲ ಊಟಕ್ಕೆ ಕರೆದರು. "ಮೀಟಿಂಗ್ ಇದೆ" ಅಂದರಂತೆ. ಎಂಟು ಲಕ್ಷ ಹೋಯಿತು. ರಾತ್ರಿ ನನಗೆ ಗೊತ್ತಾಗಿ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿದೆ. ಒಂದೂವರೆ ಲಕ್ಷ ಎಲ್ಲೋ ಒಂದು ಖಾತೆಯಲ್ಲಿ ತಡೆ ಹಿಡಿದರು. ಉಳಿದದ್ದು ಹೋಯಿತು.

ದುಡ್ಡಿನ ವಿಷಯ ಬಿಡಿ. ಮಧ್ಯಾಹ್ನವೇ ಅಪ್ಪನಿಗೆ ಅನುಮಾನ ಬಂದಿತ್ತಂತೆ. ನನಗೆ ಫೋನ್ ಮಾಡೋಣ ಅಂತ ಅಮ್ಮನ ಫೋನ್ ಕೈಗೆ ತಗೊಂಡು ಮತ್ತೆ ಇಟ್ಟರಂತೆ. ಯಾಕೆ ಅಂದರೆ ಅದರ ಹಿಂದಿನ ತಿಂಗಳು ಒಂದು ಸುಳ್ಳು ಮೆಸೇಜ್ ಫಾರ್ವರ್ಡ್ ಮಾಡಿದ್ದಕ್ಕೆ ನಾನು ಎಲ್ಲರ ಮುಂದೆ "ಇಷ್ಟು ಓದಿದ್ದೀರಿ, ಅಷ್ಟೂ ಗೊತ್ತಾಗಲ್ವಾ" ಅಂತ ರೇಗಿದ್ದೆ. ಮತ್ತೆ ಬೈಸಿಕೊಳ್ಳಬೇಕಲ್ಲ ಅಂತ ಸುಮ್ಮನಾದರು.

ಆಪ್ ಕಲಿಸಿ, ಸೆಟ್ಟಿಂಗ್ ಸರಿ ಮಾಡಿ, ಎಲ್ಲ ಮಾಡಿ. ಆದರೆ ಅವರು ತಪ್ಪು ಮಾಡಿದಾಗ ಮೊದಲ ಫೋನ್ ನಿಮಗೇ ಬರೋ ಹಾಗೆ ಇರಿ.

ನಿವೃತ್ತ_ಮೇಷ್ಟ್ರು

ಬರೆದದ್ದು ಒಳ್ಳೆಯದಾಯಿತು ಮಗಾ. ಅಪ್ಪ ಈಗ ಹೇಗಿದ್ದಾರೆ?

ಮೈಸೂರಿನ_ಮಗ

ಪರವಾಗಿಲ್ಲ ಸರ್. ಮೂರು ತಿಂಗಳು ಫೋನ್ ಮುಟ್ಟಲಿಲ್ಲ. ಈಗ ಬೆಳಗ್ಗೆ ವಾಕಿಂಗ್ ಗೆಳೆಯರಿಗೆ ಅವರೇ ಈ ಕಥೆ ಹೇಳುತ್ತಾರೆ.

ಬನಶಂಕರಿ_3ನೇ_ಹಂತ

ಇದಕ್ಕೇ ನಾನು ಹೇಳಿದ್ದು, ಕಲಿಸೋದೇ ಬೇಡ ಅಂತ.

ಬೆರಳಚ್ಚುಗಾರ್ತಿ_1979

ಅವರ ತಂದೆಗೆ ಎಲ್ಲ ಬರುತ್ತಿತ್ತು ಅಂತ ಬರೆದಿದ್ದಾರೆ, ಓದಲಿಲ್ಲವೇ? ಕಲಿತದ್ದಕ್ಕೆ ಮೋಸ ಆಗಲಿಲ್ಲ. ಹೆದರಿಸಿದ್ದಕ್ಕೆ ಆಯಿತು. ನಮ್ಮ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಅನ್ನುವುದೇ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯವರು ಮನ್ ಕಿ ಬಾತ್‌ನಲ್ಲೇ ಇದನ್ನು ಹೇಳಿದರು. ನಮ್ಮ ಭಜನಾ ಮಂಡಳಿಯಲ್ಲಿ ಅದನ್ನು ಎಲ್ಲರಿಗೂ ಕೇಳಿಸಿದೆ.

ಕೊಪ್ಪದ_ಕೋಡು

ಇನ್ನೊಂದು ಮೋಸ ಈಗ ಜಾಸ್ತಿ. ವಾಟ್ಸಾಪ್‌ನಲ್ಲಿ ಮದುವೆ ಕರೆಯೋಲೆ ಅಂತ ಒಂದು ಫೈಲ್ ಬರುತ್ತೆ. ಗುರುತಿನವರ ನಂಬರಿನಿಂದಲೇ ಬರುತ್ತೆ, ಯಾಕೆಂದರೆ ಅವರ ಫೋನ್ ಮೊದಲೇ ಸಿಕ್ಕಿಹಾಕಿಕೊಂಡಿರುತ್ತೆ. ಹೆಸರಿನ ಕೊನೆಯಲ್ಲಿ ಎಪಿಕೆ ಅಂತ ಇರುತ್ತೆ. ಒತ್ತಿದರೆ ಆಪ್ ಕೂತುಕೊಂಡು ಎಸ್ಎಂಎಸ್ ಎಲ್ಲ ಓದುತ್ತೆ. ಟ್ರಾಫಿಕ್ ದಂಡ ಅಂತಲೂ ಕಳಿಸುತ್ತಾರೆ. ಸೆಟ್ಟಿಂಗ್ಸ್‌ನಲ್ಲಿ "ಇನ್‌ಸ್ಟಾಲ್ ಅನ್‌ನೋನ್ ಆಪ್ಸ್" ಹುಡುಕಿ, ವಾಟ್ಸಾಪ್‌ಗೂ ಬ್ರೌಸರ್‌ಗೂ ಅನುಮತಿ ಇಲ್ಲ ಅಂತ ಇರಬೇಕು. ಒಂದು ನಿಮಿಷದ ಕೆಲಸ, ಇವತ್ತೇ ಮಾಡಿ.

ಕೋಟೆ_ಚಿತ್ರದುರ್ಗ

ಹೆದರಿಸೋದೂ ಒಂದು ಮಿತಿಯಲ್ಲಿರಬೇಕು. ಗೊತ್ತಿಲ್ಲದ ನಂಬರ್ ಎತ್ತಲೇಬೇಡಿ ಅಂತ ನಾನು ಅಪ್ಪನಿಗೆ ಹೇಳಿ ಹೇಳಿ, ಕಣ್ಣಿನ ಆಪರೇಷನ್ ದಿನಾಂಕ ಬದಲಾಗಿದೆ ಅಂತ ಆಸ್ಪತ್ರೆಯಿಂದ ಬಂದ ಫೋನನ್ನೂ ಎತ್ತಲಿಲ್ಲ. ಬೆಳಗ್ಗೆ ಬಸ್ ಹಿಡಿದು ಹೋಗಿ ಸುಮ್ನೆ ವಾಪಸ್ ಬಂದರು.

ಕುಂದಾಪ್ರದ_ಹೆಣ್ಣು

ನಮ್ಮ ಮನೆಯಲ್ಲಿ ಒಂದು ಗುಟ್ಟಿನ ಪ್ರಶ್ನೆ ಇಟ್ಟುಕೊಂಡಿದ್ದೇವೆ. ನನ್ನ ದನಿಯಲ್ಲೇ ಯಾರಾದರೂ "ಅಮ್ಮ ಆಕ್ಸಿಡೆಂಟ್ ಆಗಿದೆ, ದುಡ್ಡು ಹಾಕು" ಅಂದರೆ ಅಮ್ಮ ಮೊದಲು ನಮ್ಮ ಹಳೇ ಹಸುವಿನ ಹೆಸರು ಕೇಳಬೇಕು. ಅದು ನಾವು ನಾಲ್ಕು ಜನರಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ. ಇಂಟರ್ನೆಟ್ಟಿನಲ್ಲೂ ಎಲ್ಲೂ ಇಲ್ಲ.

ನ್ಯೂಜೆರ್ಸಿ_ಹುಬ್ಬಳ್ಳಿ

ಹಸುವಿನ ಹೆಸರಿನ ಉಪಾಯ ಭಾಳ ಚಲೋ ಅದ. ನಾಳೆನೇ ನಮ್ಮ ಮನೆಯಲ್ಲಿ ಶುರು.

ದೂರದಿಂದ ಕಲಿಸೋರಿಗೆ ಒಂದು ಮಾತು. ವಾಟ್ಸಾಪ್ ವಿಡಿಯೋ ಕಾಲ್‌ನಲ್ಲೇ ಸ್ಕ್ರೀನ್ ಶೇರ್ ಇದೆ, 2023ರಲ್ಲಿ ಬಂತು. ಅವ್ವ ಏನು ನೋಡುತ್ತಿದ್ದಾಳೆ ಅಂತ ನನಗೆ ಇಲ್ಲಿ ಕಾಣುತ್ತೆ, ಆದರೆ ನಾನು ಮುಟ್ಟೋಕೆ ಬರಲ್ಲ. ಮೇಷ್ಟ್ರು ಹೇಳಿದ ಹಾಗೆ ಕೈ ಕಟ್ಟಿದ ಹಾಗೇ ಆಯಿತು. ಅಲ್ಲಿ ಬೆಳಗ್ಗೆ ಏಳಕ್ಕೆ ಅವ್ವನ ಪೂಜೆ ಮುಗಿದಿರುತ್ತೆ, ನನಗೆ ಇಲ್ಲಿ ರಾತ್ರಿ. ದಿನಾ ಹದಿನೈದು ನಿಮಿಷ.

ಆದರೆ ಶುರು ಮಾಡಿದ್ದು ಬ್ಯಾಂಕಿನಿಂದ ಅಲ್ಲ. ಅವ್ವ ಅಂದಳು, "ನನಗ ಅದೆಲ್ಲಾ ಬ್ಯಾಡ, ಧಾರವಾಡ ಆಕಾಶವಾಣಿ ಹಚ್ಚಿಕೊಡು." ಮನೆಯ ರೇಡಿಯೋ ಕೆಟ್ಟು ವರ್ಷಗಳಾಗಿತ್ತು. ನ್ಯೂಸ್ ಆನ್ ಏರ್ ಆಪ್ ಹಾಕಿಸಿದೆ. ಅಡುಗೆಮನೆ ಕಟ್ಟೆ ಮೇಲೆ ಫೋನ್ ಇಟ್ಟುಕೊಂಡು ರೊಟ್ಟಿ ಬಡಿಯುತ್ತಾ ಕೇಳುತ್ತಾಳೆ. ಆ ಒಂದು ಆಪ್‌ನಿಂದ ತೆರೆಯೋದು, ಮುಚ್ಚೋದು, ದನಿ ಏರಿಸೋದು ಎಲ್ಲ ತಾನಾಗಿ ಬಂತು. ಅದೇ ಆಪ್ ನಾನೂ ಹಾಕಿಕೊಂಡೆ.

ಬ್ಯಾಂಕ್_ಕೌಂಟರ್_5

ಸ್ಕ್ರೀನ್ ಶೇರ್ ಕಲಿಸುವಾಗ ಎಚ್ಚರ. ಕಳ್ಳರು ಕೇಳುವುದೂ ಅದನ್ನೇ. "ಮಗನ ಜೊತೆ ಬಿಟ್ಟು ಬೇರೆ ಯಾರ ಜೊತೆಗೂ ಇಲ್ಲ, ಬ್ಯಾಂಕಿನವರು ಅಂದರೂ ಇಲ್ಲ" ಅಂತ ಮೊದಲ ದಿನವೇ ಹೇಳಿ.

ಸಾಗರದ_ಕಡೆಯವನು

ರೇಡಿಯೋ ಅಂದಿದ್ದಕ್ಕೆ ನೆನಪಾಯಿತು, ನಮ್ಮಮ್ಮ ಯೂಟ್ಯೂಬಿನಲ್ಲಿ ಕಲಿತ ಮೊದಲ ಪದ ತಾಳಮದ್ದಳೆ. ಮೈಕ್ ಒತ್ತಿ ಅರ್ಥಧಾರಿಯ ಹೆಸರು ಹೇಳಿ ಹುಡುಕುತ್ತಾರೆ. ಇಡೀ ರಾತ್ರಿಯ ಪ್ರಸಂಗ ಮೂರು ಮಧ್ಯಾಹ್ನದಲ್ಲಿ ಮುಗಿಸುತ್ತಾರೆ.

ಮೈಸೂರಿನ_ಮಗ

ಪೆನ್ಷನ್ ಇರೋ ಮನೆಗಳಿಗೆ ಒಂದು ಉಪಯೋಗದ ಮಾತು. ಬದುಕಿದ್ದೇವೆ ಅಂತ ಕೊಡೋ ಜೀವನ ಪ್ರಮಾಣ ಪತ್ರಕ್ಕೆ ನವೆಂಬರ್‌ನಲ್ಲಿ ಬ್ಯಾಂಕಿನ ಮುಂದೆ ಸಾಲಲ್ಲಿ ನಿಲ್ಲೋದು ಬೇಡ. 2021ರಿಂದ ಮುಖ ತೋರಿಸಿ ಫೋನಿನಲ್ಲೇ ಕೊಡಬಹುದು. ಜೀವನ್ ಪ್ರಮಾಣ್ ಆಪ್ ಒಂದು, ಆಧಾರ್ ಫೇಸ್ ಆರ್‌ಡಿ ಅಂತ ಇನ್ನೊಂದು ಹಾಕಬೇಕು. ಬೆಳಕು ಮುಖದ ಮೇಲೆ ಬೀಳಬೇಕು, ಕಣ್ಣು ಮಿಟುಕಿಸು ಅಂದಾಗ ಮಿಟುಕಿಸಬೇಕು. ಬೆರಳಚ್ಚು ಸವೆದವರಿಗೆ ಇದು ದೊಡ್ಡ ಅನುಕೂಲ. ಒಂದೇ ಫೋನಿನಲ್ಲಿ ಅಕ್ಕಪಕ್ಕದವರದ್ದೂ ಮಾಡಬಹುದು. ಅಪ್ಪ ಈ ಸಲ ನಮ್ಮ ಬೀದಿಯ ಆರು ಜನರದ್ದು ಮಾಡಿಕೊಟ್ಟರು.

ಪುಣೆ_ಕನ್ನಡಿಗ

ಇಪಿಎಫ್ ಪೆನ್ಷನ್ ಆದರೆ ನವೆಂಬರ್‌ಗೇ ಕಾಯಬೇಕಿಲ್ಲ. ಯಾವ ತಿಂಗಳು ಬೇಕಾದರೂ ಕೊಡಬಹುದು, ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತೆ.

ಹಾಸನದ_ಸೊಸೆ

ಇನ್ನೊಂದು ಕೇಳಬೇಕಿತ್ತು. ಅತ್ತೆ ಈಗ ಗೂಗಲ್‌ನ ಎಐ ಜೆಮಿನಿ ಲೈವ್ ಜೊತೆ ಕನ್ನಡದಲ್ಲೇ ಮಾತಾಡುತ್ತಾರೆ. ಚಕ್ಕುಲಿ ಯಾಕೆ ಮೆತ್ತಗಾಯಿತು ಅಂತ ಕೇಳಿ ಶುರುವಾಯಿತು. ಈಗ ಶುಗರ್ ಮಾತ್ರೆ ಬೆಳಗ್ಗೆ ತಗೊಳ್ಳಲಾ ರಾತ್ರಿ ತಗೊಳ್ಳಲಾ ಅಂತಲೂ ಅದನ್ನೇ ಕೇಳುತ್ತಾರೆ. ತಡೀಬೇಕಾ?

ನಿವೃತ್ತ_ಮೇಷ್ಟ್ರು

ಚಕ್ಕುಲಿಗೆ ಕೇಳಲಿ. ಮಾತ್ರೆಗೆ ಬೇಡ. ಅದು ಗೊತ್ತಿಲ್ಲದ್ದನ್ನೂ ಗೊತ್ತಿರುವ ಹಾಗೇ ಹೇಳುತ್ತದೆ, ದನಿಯಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ. ನಾನು ಪರೀಕ್ಷೆ ಮಾಡಿ ನೋಡಿದ್ದೇನೆ, ನಮ್ಮೂರಿನ ದೇವಸ್ಥಾನಕ್ಕೆ ಇಲ್ಲದ ಇತಿಹಾಸ ಹೇಳಿತು. ಅತ್ತೆಯವರಿಗೂ ಹಾಗೇ ಮಾಡಿಸಿ. ಅವರಿಗೆ ಚೆನ್ನಾಗಿ ಗೊತ್ತಿರುವ ಅವರ ಊರಿನ ವಿಷಯ ಕೇಳಿಸಿ. ತಪ್ಪು ಹೇಳಿದ್ದನ್ನು ಅವರೇ ಹಿಡಿದರೆ ಆಮೇಲೆ ನೀವು ಏನೂ ಹೇಳಬೇಕಿಲ್ಲ.

ಹಾಸನದ_ಸೊಸೆ

ಇದು ಒಳ್ಳೆಯ ದಾರಿ ಸರ್. ಇವತ್ತೇ ಕೇಳಿಸುತ್ತೇನೆ.

ತೀರ್ಥಹಳ್ಳಿ_ಮಗಳು

ಮೂರು ವಾರ ಆಯಿತು, ಬಂದು ಹೇಳುತ್ತೇನೆ ಅಂದುಕೊಂಡಿದ್ದೆ.

ಊರಿಗೆ ಹೋಗಿದ್ದೆ. ಜಗಲಿಯ ಮೂಲೆಯಲ್ಲೇ ಸರಿಯಾಗಿ ಸಿಗ್ನಲ್ ಬರೋದು, ಅಲ್ಲೇ ಕೂತೆವು. ನಿಜಕ್ಕೂ ಕೈ ಬೆನ್ನ ಹಿಂದೆ ಇಟ್ಟುಕೊಂಡಿದ್ದೆ. ಬಿಸಿ ಪಾತ್ರೆ ಮುಟ್ಟಿದ ಹಾಗೆ ಮುಟ್ಟು ಅಂದೆ. ಮುಟ್ಟಿದಳು, ತೆರೆದುಕೊಂಡಿತು, "ಓ, ಇಷ್ಟೇನಾ" ಅಂದಳು. ಡಿಲೇ ಲಾಂಗ್‌ಗೆ ಇಟ್ಟೆ, ಮೂರು ಗುಂಡಿ ಕೆಳಗೆ ತಂದೆ, ಪ್ಯಾಟರ್ನ್ ಹಾಕಿದೆ. ಪಿನ್ ಯಾವಾಗ, ಯಾಕೆ ಅಂತ ಹೇಳಿದೆ. ಡೈರಿಯ ಮೊದಲ ಪುಟದಲ್ಲಿ ಅಪ್ಪ ಗೊಬ್ಬರದ ಲೆಕ್ಕ ಬರೆದಿದ್ದರು, ಅದರ ಕೆಳಗೇ ಬರೆದುಕೊಂಡಳು, "ಕೊಡಲು ಪಿನ್. ಬರಲು ಬೇಡ."

ಪೇಟೆಯ ಬ್ಯಾಂಕಿನಲ್ಲಿ ಬೇರೆ ಖಾತೆ ಮಾಡಿಸಿ ಐದು ಸಾವಿರ ಹಾಕಿದೆವು. ವಾಪಸ್ ಬರುವಾಗ ಬಸ್ ಸ್ಟ್ಯಾಂಡ್ ಹತ್ತಿರ ಸೇವಂತಿಗೆ ತಗೊಂಡಳು. 40 ರೂಪಾಯಿ. ಸ್ಕ್ಯಾನ್ ಮಾಡಿ, ಹೂವಿನವಳ ಹೆಸರು ಬಂದಿದೆಯಾ ಅಂತ ಎರಡು ಸಲ ಓದಿ, ಪಿನ್ ಹಾಕಿದಳು. ಹೂವಿನವಳ ಡಬ್ಬ ಗಟ್ಟಿಯಾಗಿ ಕನ್ನಡದಲ್ಲಿ ನಲವತ್ತು ರೂಪಾಯಿ ಬಂತು ಅಂದಿತು. ಅಮ್ಮ ನನ್ನ ಕಡೆ ನೋಡಲಿಲ್ಲ. ಹೂವಿನವಳ ಕಡೆ ನೋಡಿ ನಕ್ಕಳು.

ನಿನ್ನೆ ಬೆಳಗ್ಗೆ ನಾನು ಎರಡು ಸಲ ಕಾಲ್ ಮಾಡಿದೆ, ಎತ್ತಲಿಲ್ಲ. ಗಾಬರಿ ಆಯಿತು. ಐದು ನಿಮಿಷಕ್ಕೆ ಮೆಸೇಜ್ ಬಂತು, ಮೈಕಿನಲ್ಲಿ ಹೇಳಿ ಕಳಿಸಿದ್ದು, ಅವಳ ಮೊದಲ ಮೆಸೇಜ್. "ಅಡಿಕೆ ಸುಲಿಯಲು ಜನ ಬಂದಿದ್ದಾರೆ ಸಂಜೆ ಮಾಡು".

ಬೆರಳಚ್ಚುಗಾರ್ತಿ_1979

ತಪ್ಪೇ ಇಲ್ಲ ನೋಡಿ. ಪೂರ್ಣವಿರಾಮ ಒಂದು ಬಿಟ್ಟು.

ಕೊಪ್ಪದ_ಕೋಡು

ಅದಕ್ಕೆ ಮೈಕಿನಲ್ಲಿ ಹೇಳಿದಮೇಲೆ ಕೀಬೋರ್ಡಿನ ಚುಕ್ಕಿ ಒತ್ತಿದರೆ ಆಯಿತು. ಆ ಐದು ಸಾವಿರ ಖಾಲಿಯಾದಾಗ ದೊಡ್ಡ ಖಾತೆಯಿಂದ ತುಂಬಿಸೋದನ್ನು ಹೇಗೆ ಮಾಡಿದ್ದೀರಿ, ಅವರೇ ಬ್ಯಾಂಕಿಗೆ ಹೋಗಬೇಕಾ?

ತೀರ್ಥಹಳ್ಳಿ_ಮಗಳು

ಹೌದು, ಅವಳೇ ಹೋಗಿ ಚೀಟಿ ತುಂಬುತ್ತಾಳಂತೆ. ತಿಂಗಳಿಗೊಂದು ಸಲ ಪೇಟೆಗೆ ಹೋಗೋದು ಬೇಕು ಅಂದಳು.